ಹತ್ತು ನಿಮಿಷದ ನೀರು

ಹುಸೇನಬಿಯ ಓಣಿಯ ನಳದಲ್ಲಿ ಅವತ್ತು ಬಂದ ನೀರು ಸುಳ್ಳು ನೀರು. ಅದನ್ನು ಬಿಡಿಸಿದವಳು ನಾನು. ಅದನ್ನು ನಂಬಿ ಒಂದು ಓಣಿ ತನಗೆ ಬರಬೇಕಿದ್ದ ನೀರಿನ ಟ್ಯಾಂಕನ್ನು ಕಳೆದುಕೊಂಡಿತು, ಒಬ್ಬ ಮನುಷ್ಯ ಕೆಲಸ ಕಳೆದುಕೊಂಡ. ನಾನು ಏನನ್ನೂ ಕಳೆದುಕೊಳ್ಳಲಿಲ್ಲ. ಒಳ್ಳೆಯ ಜಾಗಕ್ಕೆ ವರ್ಗವಾಯಿತು, ಸನ್ಮಾನದ ಶಾಲು ಸಿಕ್ಕಿತು. ಆ ಶಾಲು ಈಗಲೂ ಹಾನಗಲ್ಲಿನ ನಮ್ಮ ಮನೆಯ ಕಪಾಟಿನಲ್ಲಿದೆ. ಒಂದು ದಿನವೂ ಹೊದೆಯಲಿಲ್ಲ ಎಂದು ಬರೆದರೆ ನನಗೆ ಮೊದಲಿನಿಂದಲೇ ನಾಚಿಕೆ ಇತ್ತೆಂದು ನೀವು ತಿಳಿದೀರಿ. ಹಾಗೇನಿಲ್ಲ, ಹೊದ್ದಿದ್ದೇನೆ.

ಎಂಟು ವರ್ಷಗಳ ಹಿಂದೆ ನಾನು ಹಿರೇಕೆರೂರು ಕಡೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ಬೀದಿದೀಪ ಆರಿದರೆ, ಗಟಾರ ಕಟ್ಟಿಕೊಂಡರೆ, ನಳ ಒಣಗಿದರೆ ಊರವರು ಯಾರನ್ನು ಹುಡುಕಿಕೊಂಡು ಬರುತ್ತಾರೋ ಅವಳು. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಓದಿದವರು ಆ ಊರೇ ಹಾಗೆ ಎಂದುಬಿಡುತ್ತಾರೆ. ಊರು ಹಾಗಿರಲಿಲ್ಲ, ಹಾಗಿದ್ದವಳು ನಾನು.

ನನಗೆ ಮೊದಲಿನಿಂದಲೂ ಪಟ್ಟಿಯ ಹುಚ್ಚು. ಮನೆಯಲ್ಲಿ ಮದುವೆ ಬಂದರೆ ಯಾರಿಗೆ ಯಾವ ಕೆಲಸ ಎಂದು ಹಾಳೆ ಬರೆದು ಗೋಡೆಗೆ ಅಂಟಿಸುವವಳು ನಾನೇ. "ನಮ್ಮಕ್ಕಗ ದೇವ್ರು ಬಂದು ಮುಂದ ನಿಂತ್ರೂ ಮೊದ್ಲ ಫಾರಂ ತುಂಬಸ್ತಾಳ" ಎಂದು ತಂಗಿ ಚೇಷ್ಟೆ ಮಾಡುತ್ತಿದ್ದಳು. ಆ ಹುಚ್ಚಿನಿಂದಲೇ ಪಂಚಾಯ್ತಿಯ ಕೆಲಸ ನನಗೆ ಹಿಡಿಸಿತು. ಒಂದೊಂದು ವಾರ್ಡಿಗೆ ಹೋಗಿ, ಜನರನ್ನು ಕೂರಿಸಿಕೊಂಡು, ನಿಮಗೆ ಏನು ಬೇಕು, ಯಾವುದು ಮೊದಲು ಎಂದು ಕೇಳಿ ಬರೆದುಕೊಳ್ಳುವುದು. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿ ಠರಾವು ಮಾಡುವುದು. ಠರಾವಾದದ್ದು ವಾರ್ಷಿಕ ಯೋಜನೆಗೆ ಸೇರುವುದು. ಕೆಲಸ ಆದ ಮೇಲೆ ಗುರುತು ಹಾಕುವುದು. ಆ ಗುರುತು ಹಾಕುವಾಗಿನ ಸಂತೋಷ ಇದೆಯಲ್ಲ— ಅದು ನನ್ನನ್ನು ಕೆಡಿಸಿತು.

ಹುಸೇನಬಿಯನ್ನು ಮೊದಲು ನೋಡಿದ್ದು ಅಂಥ ಒಂದು ವಾರ್ಡ್ ಸಭೆಯಲ್ಲಿ. ಐವತ್ತು ದಾಟಿದ ಹೆಂಗಸು, ಶೇಂಗಾ ಸುಲಿಯುವ ಕೂಲಿ ಮಾಡುತ್ತಿದ್ದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಓಣಿ ಹಳ್ಳದ ಆಚೆಗೆ, ತುಸು ದಿನ್ನೆಯ ಮೇಲೆ. ಊರಿಗೆಲ್ಲ ಪೈಪು ಹಾಕಿದಾಗ ಅಲ್ಲಿಗೂ ಹಾಕಿದ್ದರು, ಮನೆಮನೆಗೆ ನಳ ಕೂರಿಸಿದ್ದರು. ಆದರೆ ಊರಿನ ಟ್ಯಾಂಕು ಈಚೆಯ ಶಾಲೆಯ ಹತ್ತಿರ. ನೀರು ಓಣಿಓಣಿಗೆ ಹಂಚಿಕೊಂಡು ಹಳ್ಳ ದಾಟುವಷ್ಟರಲ್ಲಿ ಅದರ ದಮ್ಮು ಮುಗಿಯುತ್ತಿತ್ತು. ಹುಸೇನಬಿ ಎದ್ದು ನಿಂತು ಹೇಳಿದಳು:

"ನಾ ಮತ್ತೇನೂ ಕೇಳಂಗಿಲ್ರಿ ಮೇಡಮ್ಮಾರ. ನಳ ಕೊಟ್ಟೀರಿ, ನೀರು ಕೊಟ್ಟಿಲ್ಲ. ಒಣಾ ನಳಕ್ಕ ಹೂವಿನ ಮಾಲಿ ಹಾಕ್ಕೊಂತ ಕುಂದ್ರೂನೇನು?"

ಸಭೆ ನಕ್ಕಿತು. ನಾನೂ ನಕ್ಕೆ. ಹಳ್ಳದಾಚೆಯ ಓಣಿಗೆ ಪ್ರತ್ಯೇಕವಾಗಿ ಒಂದು ಸಣ್ಣ ಟ್ಯಾಂಕು ಕಟ್ಟಬೇಕೆಂದು ಬರೆದುಕೊಂಡೆ. ಗ್ರಾಮಸಭೆಯಲ್ಲಿ ಯಾರೊಬ್ಬರೂ ಅಡ್ಡ ಮಾತಾಡಲಿಲ್ಲ. ಆ ವರ್ಷದ ಯೋಜನೆಯಲ್ಲಿ ಅದು ಮೊದಲನೆಯ ಕೆಲಸವಾಗಿ ಸೇರಿತು. ಇಷ್ಟರವರೆಗೆ ನಾನು ಮಾಡಿದ್ದರಲ್ಲಿ ತಪ್ಪಿಲ್ಲ.

ಟ್ಯಾಂಕಿನ ಕೆಲಸ ಶುರುವಾಗುವ ಮೊದಲೇ ಪತ್ರ ಬಂತು— ಪಂಚಾಯ್ತಿಯ ಸೇವೆಗಳ ಪರಿಶೀಲನೆಗೆ ಮೇಲಿನಿಂದ ತಂಡ ಬರುತ್ತದೆ, ಚೆನ್ನಾಗಿದ್ದರೆ ಮಾದರಿ ಪಂಚಾಯ್ತಿ ಎಂದು ಆರಿಸುತ್ತಾರೆ. ಜೊತೆಗೆ ಒಂದು ಉದ್ದನೆಯ ನಮೂನೆ. ನನ್ನ ಪಾಲಿಗೆ ಹಬ್ಬ. ದೀಪ ಸರಿ ಇದ್ದವು, ಕಸದ ಗಾಡಿ ದಿನಾ ತಿರುಗುತ್ತಿತ್ತು, ಗ್ರಂಥಾಲಯದಲ್ಲಿ ಕುರ್ಚಿಗಳಿದ್ದವು, ಕೂರುವವರೂ ಇದ್ದರು. ಒಂದೊಂದಕ್ಕೂ ಗುರುತು ಹಾಕುತ್ತ ಬಂದೆ. ನೀರಿನ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ಕೊನೆಯ ನಳಕ್ಕೆ ನೀರು ಬರುತ್ತದೆಯೇ? ಪರಿಶೀಲನೆಯವರು ಖುದ್ದಾಗಿ ಕೊನೆಯ ನಳಕ್ಕೆ ಹೋಗಿ ನೋಡತಕ್ಕದ್ದು.

ಬಹಳ ಒಳ್ಳೆಯ ಪ್ರಶ್ನೆ. ಯಾರು ಬರೆದರೋ, ಊರು ಬಲ್ಲವರು. "ಇಲ್ಲ, ಟ್ಯಾಂಕು ಯೋಜನೆಯಲ್ಲಿದೆ" ಎಂದು ನಾನು ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ನಾಲ್ಕು ಅಂಕ ಹೋಗುತ್ತಿತ್ತು, ಟ್ಯಾಂಕು ಉಳಿಯುತ್ತಿತ್ತು. ಪೆನ್ನು ಹಿಡಿದು ಕೂತೆ. ಅಷ್ಟೂ ಪುಟದಲ್ಲಿ ಅದೊಂದೇ ಖಾಲಿ ಚೌಕ ನನ್ನನ್ನು ದಿಟ್ಟಿಸುತ್ತಿತ್ತು. ಎದ್ದು ಹೋಗಿ ಫಕೀರಪ್ಪನನ್ನು ಕರೆದೆ.

ಫಕೀರಪ್ಪ ನಮ್ಮ ನೀರಗಂಟಿ. ದಿನಾ ಬೆಳಿಗ್ಗೆ ಓಣಿಓಣಿಯ ವಾಲ್ ತಿರುವಿ ಪಾಳಿಯ ಪ್ರಕಾರ ನೀರು ಬಿಡುವವನು. ಹಂಗಾಮಿ ನೌಕರ. ಎದೆಮಟ್ಟದ ಕಬ್ಬಿಣದ ಚಾವಿಯೊಂದನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ. ಚಾವಿಯನ್ನು ವಾಲಿಗೆ ಕೂರಿಸಿ, ಅದರ ಹಿಡಿಗೆ ಕಿವಿ ಹಚ್ಚಿ, ನೀರು ಎಲ್ಲಿಯವರೆಗೆ ಹೋಯಿತು, ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದ. ಎಂಜಿನಿಯರ್ ಬಂದು ಅಗೆಸಿ ನೋಡಿದರೆ ಅವನು ಹೇಳಿದ ಜಾಗದಲ್ಲೇ ಪೈಪು ಒಡೆದಿರುತ್ತಿತ್ತು. ಅವನನ್ನು ಕೇಳಿದೆ— ಕೊನೆಯ ನಳಕ್ಕೆ ಒಮ್ಮೆಯಾದರೂ ನೀರು ತರಿಸಲು ಸಾಧ್ಯವೇ?

"ಟಾಕಿ ತುಂಬಾ ತುಂಬಿಸಿ, ಉಳದ ಓಣಿ ವಾಲ್ ಎಲ್ಲಾ ಬಂದ್ ಮಾಡಿ, ಅದೊಂದಾ ಬಿಟ್ರ ಹತ್ತು ನಿಮಿಷ ಬರ್ತದರಿ. ಟಾಕಿ ಅರ್ಧಕ್ಕ ಇಳಿದ ಕೂಡ್ಲೆ ನಿಂದರ್ತದ. ಆದ್ರ ಅದು ಸುಳ್ಳ ನೀರರಿ ಮೇಡಮ್ಮಾರ. ದಿನಾ ಹಂಗ ಮಾಡಿದ್ರ ಉಳದ ಊರಿಗೆ ನೀರ ಇರಂಗಿಲ್ಲ."

"ಹತ್ತು ನಿಮಿಷ ಸಾಕು."

"ಹಳ್ಳದಾಚಿ ಮಂದಿ ಮರುದಿನ ಕೇಳಿದ್ರ ಏನ್ ಹೇಳ್ಲಿ?"

"ನಾ ಇದ್ದೇನಲ್ಲ ಫಕೀರಪ್ಪ. ನೀ ಬಿಡು."

ಬೇಡ ಎನ್ನುವ ಅಧಿಕಾರ ಅವನಿಗಿರಲಿಲ್ಲ. ಚಾವಿ ಎತ್ತಿಕೊಂಡು ಹೋದ.

ತಂಡ ಬಂದ ದಿನ ಬೆಳಿಗ್ಗೆ ಎಂಟಕ್ಕೆ ನಾವು ಹಳ್ಳ ದಾಟಿದೆವು. ಹಿರಿಯ ಅಧಿಕಾರಿಯೊಬ್ಬರು ತಾವೇ ಬಾಗಿ ಹುಸೇನಬಿಯ ಅಂಗಳದ ನಳ ತಿರುವಿದರು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ತುಕ್ಕಿನ ಬಣ್ಣದ ನೀರು, ಆಮೇಲೆ— ದಪ್ಪಗೆ, ಬೆಳ್ಳಗೆ, ನೆಲಕ್ಕೆ ಬಿದ್ದ ಸದ್ದು ಓಣಿಗೆಲ್ಲ ಕೇಳಿಸಿತು. ಅಧಿಕಾರಿ ಬೊಗಸೆಯೊಡ್ಡಿ ಕುಡಿದರು. ಹುಸೇನಬಿ ಒಳಗೋಡಿ ಹಿತ್ತಾಳೆಯ ಕೊಡ ತಂದು ಇಟ್ಟಳು, ಅದು ತುಂಬುವುದನ್ನು ನೋಡುತ್ತ ನಕ್ಕಳು. ಯಾರೋ ಫೋಟೊ ತೆಗೆದರು. ಅವಳು ಮತ್ತೆ ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದು ಓಣಿಯವರಿಗೆಲ್ಲ ಒಂದೊಂದು ಚಿಟಿಕೆ ಹಂಚಿದಳು. ನನ್ನ ಹತ್ತಿರ ಬಂದಾಗ ಕೈಗೆ ಕೊಡಲಿಲ್ಲ.

"ಬಾಯಿ ತೆಗಿ ಯವ್ವಾ," ಎಂದಳು. ಅವತ್ತಿಗೆ ನಾನು ಮೇಡಮ್ಮಾರಲ್ಲ, ಯವ್ವಾ.

ಬಾಯಿ ತೆಗೆದೆ, ಸಕ್ಕರೆ ತಿಂದೆ. ತಿನ್ನುತ್ತ ಗಡಿಯಾರ ನೋಡಿದೆ. ಏಳು ನಿಮಿಷವಾಗಿತ್ತು. "ಸರ್, ಗ್ರಂಥಾಲಯ ನೋಡೋಣ ಬರ್ರಿ" ಎಂದು ತಂಡವನ್ನು ಹೊರಡಿಸಿದೆ. ಜೀಪು ಹಳ್ಳಕ್ಕೆ ಇಳಿಯುವಾಗ ಹಿಂದೆ ನಳದ ಸದ್ದು ಸಣ್ಣಗಾಗುತ್ತಿತ್ತು. ತಿರುಗಿ ನೋಡಲಿಲ್ಲ.

ನಾವು ಮಾದರಿ ಪಂಚಾಯ್ತಿಯಾದೆವು. ಕೊನೆಯ ನಳಕ್ಕೆ ನೀರು ಬರುತ್ತದೆ ಎಂದು ದಾಖಲಾದ ಮೇಲೆ ಆ ನಳಕ್ಕೆ ನೀರು ತರಲು ಟ್ಯಾಂಕು ಕಟ್ಟುವುದು ಹೇಗೆ? ಯೋಜನೆಯ ಪಟ್ಟಿಯಿಂದ ಅದನ್ನು ತೆಗೆಯಬೇಕಾಯಿತು. ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ "ಅವಶ್ಯಕತೆ ಪೂರೈಸಿದೆ" ಎಂದು ಬರೆದವಳು ನಾನೇ. ಮುಂದಿನ ವರ್ಷ ಹೇಗಾದರೂ ಸೇರಿಸಿದರಾಯಿತು ಎಂದುಕೊಂಡೆ. ಮುಂದಿನ ವರ್ಷಕ್ಕೆ ನಾನು ಆ ಊರಿನಲ್ಲಿ ಇರಲಿಲ್ಲ.

ಇನ್ನೊಂದು ಇದೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಬರೆಯಲು ಕೈ ಬರಲಿಲ್ಲ. ಇಲ್ಲಿಯವರೆಗೆ ಓದಿದವರು ನನ್ನನ್ನು ಅಂಕದ ಆಸೆಗೆ ಬಿದ್ದ ಹೆಂಗಸು ಎಂದಷ್ಟೇ ತಿಳಿದು ಬಿಟ್ಟುಬಿಡಬಹುದು—

ಹಳ್ಳದಾಚೆಯವರು ಮರುದಿನ ಕೊಡ ಇಟ್ಟು ಕಾದರು. ಮೂರನೆಯ ದಿನವೂ ಕಾದರು. ನೀರನ್ನು ಕಾಣದೇ ಇದ್ದಿದ್ದರೆ ಅವರು ಮೊದಲಿನ ಹಾಗೆ ಪೈಪನ್ನು ಬೈಯುತ್ತಿದ್ದರು, ಪಂಚಾಯ್ತಿಯನ್ನು ಬೈಯುತ್ತಿದ್ದರು. ಈಗ ಕಣ್ಣಾರೆ ಕಂಡಿದ್ದರು. ಪೈಪು ಸರಿ ಇದೆ, ನೀರಿದೆ, ಬಿಟ್ಟರೆ ಬರುತ್ತದೆ. ಹಾಗಾದರೆ ಬಿಡದಿರುವವನು ಯಾರು? ದಿನಾ ಬೆಳಿಗ್ಗೆ ಫಕೀರಪ್ಪನನ್ನು ಸುತ್ತುವರಿದು ಕೇಳುತ್ತಿದ್ದರು. ಅವನು ಹಳ್ಳದ ಈಚೆಯ ಓಣಿಯವನು. ತನ್ನ ಮಂದಿಗೆ ನೀರು ಬಿಟ್ಟುಕೊಂಡು ನಮಗೆ ಬಂದ್ ಮಾಡುತ್ತಾನೆ ಎಂಬ ಮಾತು ಹುಟ್ಟಿತು. ನನ್ನ ಹೆಸರು ಹೇಳಿದ್ದರೆ ಅವನು ಒಂದು ಗಳಿಗೆಯಲ್ಲಿ ಪಾರಾಗುತ್ತಿದ್ದ. ಹೇಳಲಿಲ್ಲ. ನಾನು ಇದ್ದೇನೆ ಎಂದಿದ್ದೆನಲ್ಲ, ಅದನ್ನು ನಂಬಿದ್ದ.

ಹುಸೇನಬಿ ಮತ್ತು ಓಣಿಯ ಹತ್ತಾರು ಹೆಂಗಸರು ಪಂಚಾಯ್ತಿಗೆ ಬಂದರು. "ಅವತ್ತ ಬಂದ ನೀರು ಇವತ್ತ ಯಾಕ ಬರವಲ್ದು?" ಎಂದು ಕೇಳಿದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಿದ್ದು ಬೇರೆ.

"ವಾಲ್ ಬಿಡಾವ ಫಕೀರಪ್ಪ. ನೀವು ಬರದು ಕೊಟ್ರ ವಿಚಾರ ಮಾಡ್ತೇವಿ."

ಅವರಿಗೆ ಬರೆಯಲು ಬರುತ್ತಿರಲಿಲ್ಲ. ಕಾಗದ ತೆಗೆದು ನಾನೇ ಬರೆದೆ. ನೀರಗಂಟಿಯು ಉದ್ದೇಶಪೂರ್ವಕವಾಗಿ ನೀರು ಬಿಡುತ್ತಿಲ್ಲ— ಈ ಸಾಲು ನನ್ನದು. ಅವರು ನೀರು ಬೇಕು ಎಂದಿದ್ದರೇ ಹೊರತು ಉದ್ದೇಶದ ಮಾತು ಆಡಿರಲಿಲ್ಲ. ಬರೆದದ್ದನ್ನು ಓದಿ ಹೇಳಲೂ ಇಲ್ಲ. ಶಾಯಿಯ ಡಬ್ಬಿ ಮುಂದಿಟ್ಟೆ. ಮೊದಲು ಹೆಬ್ಬೆಟ್ಟು ಒತ್ತಿದವಳು ಹುಸೇನಬಿ.

ಸಭೆಯಲ್ಲಿ ಆ ದೂರನ್ನು ಓದಿದಾಗ ಫಕೀರಪ್ಪ ಬಾಗಿಲ ಹತ್ತಿರ ನಿಂತಿದ್ದ. ಅಧ್ಯಕ್ಷರು ನನ್ನನ್ನು ಕೇಳಿದರು, ಪೈಪಿನಲ್ಲಿ ಏನಾದರೂ ದೋಷ ಇದೆಯೇ ಎಂದು. ಅವನು ನನ್ನ ಮುಖ ನೋಡಿದ.

"ದೋಷ ಇಲ್ಲ," ಎಂದೆ.

ಅವನನ್ನು ಕೆಲಸದಿಂದ ತೆಗೆಯಲು ಠರಾವಾಯಿತು. ಅವನು ಚಾವಿಯನ್ನು ಹೆಗಲಿನಿಂದ ಇಳಿಸಿ, ಸದ್ದಾಗದ ಹಾಗೆ ನೆಲದ ಮೇಲೆ ಮಲಗಿಸಿ, ಹೊರಗೆ ಹೋದ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು, ಆ ಹಗುರವನ್ನು ಅವನು ಕೊಡಲಿಲ್ಲ.

ಮಾದರಿ ಪಂಚಾಯ್ತಿ ಮಾಡಿದವಳೆಂದು ನನ್ನನ್ನು ತರಬೇತಿಯ ಕೆಲಸಕ್ಕೆ ಕರೆದುಕೊಂಡರು. ಹೊಸದಾಗಿ ಆರಿಸಿ ಬಂದ ಪಂಚಾಯ್ತಿ ಸದಸ್ಯರಿಗೆ ಯೋಜನೆ ಹೇಗೆ ಮಾಡಬೇಕು, ಆದ ಕೆಲಸವನ್ನು ಹೇಗೆ ಪರಿಶೀಲಿಸಬೇಕು ಎಂದು ಪಾಠ ಹೇಳುವುದು. ಹಾನಗಲ್ಲು, ಶಿಗ್ಗಾಂವಿ, ಸವಣೂರು ಎಲ್ಲ ಕಡೆಗೂ ಹೋಗುತ್ತಿದ್ದೆ. ಹಿರೇಕೆರೂರಿನ ಪಾಳಿ ಬಂದಾಗ ಮಾತ್ರ ಸೊಂಟ ನೋವು, ತಂಗಿಯ ಮನೆಯ ಕಾರ್ಯಕ್ರಮ, ಏನಾದರೊಂದು ಹೇಳಿ ಬೇರೆಯವರನ್ನು ಕಳಿಸುತ್ತಿದ್ದೆ. "ನಿಮ್ಮ ಸ್ವಂಟಕ್ಕ ಹಿರೇಕೆರೂರ ಹೆಸರ ಕೇಳಿದ್ರ ಆಗಿಬರಂಗಿಲ್ಲ ಬಿಡ್ರಿ" ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಪಾಠದಲ್ಲಿ ನನ್ನ ಹೆಚ್ಚುಗಾರಿಕೆಯ ಮಾತು ಒಂದಿತ್ತು: "ಪರಿಶೀಲನೆಯನ್ನು ಕೊನೆಯ ನಳದಿಂದ ಶುರು ಮಾಡಿ." ಆಗ ಗೋಡೆಯ ಮೇಲೆ ಹುಸೇನಬಿಯ ಫೋಟೊ ಬೀಳುತ್ತಿತ್ತು. ತುಂಬುತ್ತಿರುವ ಕೊಡ, ನಗು. ಜನ ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ವರ್ಷ ಆ ಫೋಟೊ ತೋರಿಸಲು ನನಗೆ ಬಾಯಿ ಹೇಗೆ ಬಂತು ಎಂದು ಕೇಳಿದರೆ— ಬಂತು, ಅಷ್ಟೇ. ನಾಲ್ಕು ಸಲ ತೋರಿಸಿದ ಮೇಲೆ ಅದು ನಿಜವೇ ಇರಬೇಕು ಎನಿಸತೊಡಗಿತ್ತು.

ಹೋದ ವರ್ಷ ಸವಣೂರಿನಲ್ಲಿ ಪಾಠವಿತ್ತು. ಹಿರೇಕೆರೂರಿನ ಸಭಾಂಗಣದ ಚಾವಣಿ ಸೋರುತ್ತದೆಂದು ಅಲ್ಲಿಯ ಕೆಲವು ಸದಸ್ಯರನ್ನೂ ಸವಣೂರಿಗೇ ಸೇರಿಸಿದ್ದರು. ಪಟ್ಟಿಯ ಹುಚ್ಚಿನವಳು ಅವತ್ತು ಹಾಜರಿ ಪಟ್ಟಿಯನ್ನು ನೋಡಿರಲಿಲ್ಲ. ಫೋಟೊ ಬಿದ್ದ ಕೂಡಲೇ ಎರಡನೆಯ ಸಾಲಿನಿಂದ ಒಬ್ಬ ತರುಣಿ ಎದ್ದು ನಿಂತಳು.

"ಈಕಿ ನಮ್ಮತ್ತಿ ಅದಾಳ್ರಿ ಮೇಡಂ."

ರಿಹಾನಾ. ಹುಸೇನಬಿಯ ಸೊಸೆ, ಅದೇ ಓಣಿಯಿಂದ ಆರಿಸಿ ಬಂದ ಸದಸ್ಯೆ. ಸಭೆಗೆ ಖುಷಿಯಾಯಿತು, ಚಪ್ಪಾಳೆ ಬಿತ್ತು. ಅವಳು ಕೂರಲಿಲ್ಲ.

"ಆ ನಳಕ್ಕ ಅವತ್ತ ಬಂದದ್ದ ಕಡೀರಿ. ಮತ್ತ ಒಂದ ಹನಿ ಬಂದಿಲ್ಲ."

ಆಗಲಾದರೂ ಹೇಳಿದೆನೇ? ಇಲ್ಲ. "ಚಹಾಕ್ಕ ಬಿಟ್ಟಾಗ ಮಾತಾಡೋಣ್ರಿ" ಎಂದು ಮುಂದಿನ ವಿಷಯಕ್ಕೆ ಹೋದೆ. ಅಷ್ಟು ವರ್ಷದಲ್ಲಿ ಅದನ್ನಷ್ಟೇ ಚೆನ್ನಾಗಿ ಕಲಿತಿದ್ದೆ.

ಚಹಾ ಬಂತು, ಖಾರದ ಪೊಟ್ಟಣ ಬಂತು. ರಿಹಾನಾ ಎರಡನ್ನೂ ಮುಟ್ಟದೆ, ಚೀಲದಿಂದ ಕಾಗದ ತೆಗೆದಳು. ಟ್ಯಾಂಕಿಗಾಗಿ ಅವಳು ಮೂರು ಸಲ ಅರ್ಜಿ ಕೊಟ್ಟಿದ್ದಳು, ಮೂರು ಸಲವೂ ತಿರುಗಿ ಬಂದಿತ್ತು.

"ಕಂಪ್ಯೂಟರಿನ್ಯಾಗ ನಮ್ಮ ಓಣಿಗೆ ನೀರು ಐತಿ ಅಂತ ತೋರಸ್ತದಂತರಿ. ಸಾಕ್ಷಿಗೆ ಫೋಟೊನೂ ಐತಿ ಅಂತಾರ. ಅದ ಫೋಟೊರಿ, ನಮ್ಮತ್ತೀದು. ಇದನ್ನ ಹೆಂಗ ತಗಸೋದು ಹೇಳ್ರಿ, ನೀವ ಪಾಠ ಹೇಳಾವ್ರು." ಆಮೇಲೆ ಏನೋ ನೆನಪಾದವಳಂತೆ ಸೇರಿಸಿದಳು, "ನಮ್ಮತ್ತಿ ಇವತ್ತಿಗೂ ಆ ಫಕೀರಪ್ಪಗ ಶಾಪ ಹಾಕ್ತಾಳ್ರಿ. ಇಲ್ಲೇ ಸವಣೂರಾಗ ಎಲಿತ್ವಾಟದಾಗ ಅದಾನಂತ."

ಹುಸೇನಬಿಯ ನಗುವೇ ಹುಸೇನಬಿಯ ನೀರಿಗೆ ಅಡ್ಡ ನಿಂತಿತ್ತು. ಅದನ್ನು ತೆಗೆಸಬೇಕಾದರೆ ಆ ಪರಿಶೀಲನೆ ಸುಳ್ಳು ಎಂದು ಯಾರಾದರೂ ಹೇಳಬೇಕು. ಹೇಳಬಲ್ಲವರು ಲೋಕದಲ್ಲಿ ಇಬ್ಬರೇ. ಒಬ್ಬನ ಮಾತನ್ನು ನಂಬದ ಹಾಗೆ ನಾನೇ ಮಾಡಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಆ ವೀಳ್ಯದೆಲೆಯ ತೋಟಕ್ಕೆ ಹೋದೆ. ಫಕೀರಪ್ಪ ಮಂಡಿಯವರೆಗೆ ಧೋತರ ಎತ್ತಿ ಕಟ್ಟಿ, ಸಲಿಕೆಯಿಂದ ಕಾಲುವೆಯ ಬಾಯಿ ತಿದ್ದುತ್ತ, ಬಳ್ಳಿಯ ಸಾಲುಗಳಿಗೆ ನೀರು ಹಾಯಿಸುತ್ತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದ. ಕೂರಲು ಹೇಳಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಯಿತು. "ತಪ್ಪಾತು ಫಕೀರಪ್ಪ," ಎಂದಷ್ಟೇ ಅಂದೆ.

ಅವನು ಆ ಸಾಲಿನ ನೀರು ತುದಿ ಮುಟ್ಟುವವರೆಗೆ ಕಾದು ಮಾತಾಡಿದ. "ಇಲ್ಲಿ ನೀರಿನ ಕೂಡ ಸುಳ್ಳ ನಡ್ಯಂಗಿಲ್ರಿ. ಕಡೀ ಬಳ್ಳಿಗೆ ಮುಟ್ಟಲಿಲ್ಲಂದ್ರ ಎರಡ ದಿನದಾಗ ಎಲಿ ಬಾಡಿ ತೋರಸ್ತದ." ಸಲಿಕೆಯ ಮಣ್ಣನ್ನು ಕಾಲಿನಿಂದ ಕೆರೆದ. "ನನ್ನ ಮುಂದ ಹೇಳಿದ್ರ ಏನ ಬಂತ್ರಿ? ನನಗ ಗೊತ್ತಾ ಐತಿ. ಗೊತ್ತಿಲ್ದಾವ್ರ ಮುಂದ ಹೇಳ್ರಿ. ಆ ಓಣಿ ಮಂದಿ ಕೇಳಬೇಕು, ನಾ ಅಲ್ಲೇ ಕುಂತಿರಬೇಕು."

"ಹೇಳ್ತೇನಿ."

"ನೋಡ್ತೇನಿ ತಗೋರಿ," ಎಂದ. ಕ್ಷಮಿಸಿದೆ ಎನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ. ಕೇಳುವ ಹಕ್ಕು ನನಗೂ ಇಲ್ಲ.

ಮೇಲಿನ ಕಚೇರಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಗೆಳತಿಯೊಬ್ಬಳು ತಲೆ ಚಚ್ಚಿಕೊಂಡಳು, "ನಿವೃತ್ತಿಗೆ ನಾಲ್ಕು ವರ್ಷ ಐತಿ, ಹುಚ್ಚಿ! ಬಾಯಿ ಮುಚ್ಕೊಂಡು ಹೆಂಗರ ಟಾಕಿ ಮಾಡ್ಸಿ ಕೊಡಬಾರದಾ?" ಆ ದಾರಿ ನನಗೂ ಹೊಳೆದಿತ್ತು. ಒಳಗೊಳಗೇ ಯಾರಿಗೋ ಹೇಳಿ, ಟ್ಯಾಂಕು ಮಂಜೂರು ಮಾಡಿಸಿ, ಮತ್ತೊಮ್ಮೆ ಸಕ್ಕರೆ ತಿಂದು ಬರಬಹುದಿತ್ತು. ಫಕೀರಪ್ಪನ ಮೇಲಿನ ಶಾಪ ಹಾಗೇ ಉಳಿಯುತ್ತಿತ್ತು. ಇನ್ನು ಅದಾಗದು ಎಂದು ನಿಶ್ಚಯ ಮಾಡಿದ್ದೆ. ಈ ಸಲ ಯಾವ ಸುತ್ತುದಾರಿಯೂ ಬೇಡ.

ಆ ಊರಿನ ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಬೆಳಿಗ್ಗೆಯೇ ಸೇರಿತು. ಫಕೀರಪ್ಪ ಬಂದು ಮುಂದಿನ ಸಾಲಿನಲ್ಲಿ ಕೂತ. ಅವನ ಪಕ್ಕ ಯಾರೂ ಕೂರಲಿಲ್ಲ. ನಾನು ಎದ್ದು ನಿಂತು ಹೇಳಿದೆ— ವಾಲ್ ಬಂದ್ ಮಾಡಿಸಿದ್ದು, ಗೆರೆ ಎಳೆದದ್ದು, ದೂರು ಬರೆದದ್ದು, ದೋಷ ಇಲ್ಲ ಎಂದದ್ದು. ಮೈಕು ಕೆಟ್ಟಿತ್ತು, ಕೂಗಿ ಹೇಳಬೇಕಾಯಿತು. ಕೆಲವರು ನಂಬಲಿಲ್ಲ. ಫಕೀರಪ್ಪ ನನಗೆ ಏನೋ ಕೊಟ್ಟು ಹೇಳಿಸುತ್ತಿದ್ದಾನೆ ಎಂದು ಹಿಂದಿನಿಂದ ಒಬ್ಬ ಅಂದ. "ಹಂಗಾದ್ರ ನಡೀರಿ, ಕಡೀ ನಳಕ್ಕ ಹೋಗೂಣು," ಎಂದೆ.

ಇಡೀ ಸಭೆ ಹಳ್ಳ ದಾಟಿತು. ಮೊದಲು ದಿನದ ಪಾಳಿಯಂತೆ ನೀರು ಬಿಡಿಸಿದೆವು. ಹುಸೇನಬಿಯ ನಳ ತಿರುವಿದರೆ ಗಾಳಿಯೂ ಬರಲಿಲ್ಲ. ಆಮೇಲೆ ಈಗಿನ ನೀರಗಂಟಿಯನ್ನು ಕೇಳಿ, ಟ್ಯಾಂಕು ತುಂಬಿಸಿ, ಚಾವಿಯನ್ನು ಫಕೀರಪ್ಪನ ಕೈಗೆ ಕೊಟ್ಟೆವು. ಅವನು ಒಂದೊಂದಾಗಿ ಉಳಿದ ಓಣಿಗಳ ವಾಲ್‌ಗಳನ್ನು ಬಂದ್ ಮಾಡಿದ, ಕೊನೆಯದನ್ನು ಬಿಟ್ಟ, ಹಿಡಿಗೆ ಕಿವಿ ಹಚ್ಚಿ ನಿಂತ. "ಹೊಂಟೈತಿ" ಎಂದ. ತುಸು ಹೊತ್ತಿಗೆ ನಳ ಬುಸುಗುಟ್ಟಿತು, ತುಕ್ಕಿನ ನೀರು ಬಂತು, ಆಮೇಲೆ ಅದೇ ದಪ್ಪ ಬೆಳ್ಳನೆಯ ನೀರು. ಯಾರೂ ಕೊಡ ಇಡಲಿಲ್ಲ. ನೀರು ಅಂಗಳದಲ್ಲಿ ಹರಿದು, ನಿಂತವರ ಕಾಲು ತೋಯಿಸಿ, ಹಳ್ಳದ ಕಡೆಗೆ ಹೋಯಿತು. ಹನ್ನೊಂದನೆಯ ನಿಮಿಷಕ್ಕೆ ಧಾರೆ ಸಣ್ಣಗಾಯಿತು, ಹನಿಯಾಯಿತು, ನಿಂತಿತು.

ಹುಸೇನಬಿ ಹೊಸ್ತಿಲ ಮೇಲೆ ಗೋಡೆ ಹಿಡಿದು ನಿಂತಿದ್ದಳು. ಈಗ ಅವಳಿಗೆ ಮಂಡಿ ನೋವು. ಎಂಟು ವರ್ಷ ಹಳ್ಳದ ಈಚೆಯಿಂದ ಕೊಡ ಹೊತ್ತ ಮಂಡಿ. ಅವಳು ನಳವನ್ನು ನೋಡಲಿಲ್ಲ, ಫಕೀರಪ್ಪನನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿದಳು.

"ನೀರಿಂದು ಹೋಗ್ಲಿ. ನೀರಿಲ್ದನ ಇಷ್ಟ ವರ್ಷ ತಗದೇವಿ. ನನ್ನ ಹೆಬ್ಬಟ್ಟಲೆ ಇವನ ಅನ್ನ ಕಳದಿಯಲ್ಲ ಯವ್ವಾ."

ಬೈಗುಳ ಎಷ್ಟು ಬಂದರೂ ತಡೆದುಕೊಳ್ಳಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಆ "ಯವ್ವಾ" ಎಂಬುದಕ್ಕೆ ಮಾತ್ರ ತಯಾರಾಗಿರಲಿಲ್ಲ. ಅಲ್ಲೇ, ಅಷ್ಟು ಜನರ ಮುಂದೆ, ಒದ್ದೆ ಅಂಗಳದಲ್ಲಿ ಕೂತುಬಿಟ್ಟೆ. ಯಾರೂ ಬಂದು ಎಬ್ಬಿಸಲಿಲ್ಲ. ಎಬ್ಬಿಸದಿದ್ದದ್ದೇ ಸರಿ.

ಹಳ್ಳದಾಚೆಯ ಟ್ಯಾಂಕು ಮತ್ತೆ ಯೋಜನೆಯ ಮೊದಲನೆಯ ಕೆಲಸವಾಗಿದೆ. ಇನ್ನೂ ಕಟ್ಟಿಲ್ಲ, ಜಾಗದ ಅಳತೆ ಆಗಿದೆ. ರಿಹಾನಾ ವಾರಕ್ಕೊಮ್ಮೆ ಫೋನು ಮಾಡಿ ಎಲ್ಲಿಗೆ ಬಂತು ಎಂದು ಕೇಳುತ್ತಾಳೆ. ಒಮ್ಮೆಯೂ ನನ್ನ ಕ್ಷೇಮ ಕೇಳುವುದಿಲ್ಲ. ನಾನು ಯಾವ ಕಚೇರಿಯಲ್ಲಿ ಕಾಗದ ನಿಂತಿದೆ ಎಂದು ಹುಡುಕಿ, ಹೋಗಿ ನಿಂತು, ಅವಳಿಗೆ ಉತ್ತರ ಹೇಳುತ್ತೇನೆ. ಫೋಟೊವನ್ನು ಪಾಠದಿಂದ ತೆಗೆದಿಲ್ಲ. ಅದರಲ್ಲಿರುವ ನೀರು ಹೇಗೆ ಬಂತು ಎಂಬುದನ್ನೂ ಸೇರಿಸಿ ಹೇಳುತ್ತೇನೆ, ನನ್ನನ್ನು ಪಾಠಕ್ಕೆ ಕರೆಯುವಷ್ಟು ದಿನ. ಹಿರೇಕೆರೂರಿನಲ್ಲಿಯೂ ಹೇಳಿ ಬಂದಿದ್ದೇನೆ.

ನನಗೆ ಕಾರಣ ಕೇಳಿ ನೋಟಿಸು ಬಂದಿದೆ. ಕೆಲಸದ ಒತ್ತಡ ಎಂದು ಬರೆ, ಮೇಲಿನವರ ಒತ್ತಾಯ ಎಂದು ಬರೆ ಎಂದು ಹೇಳಿದವರಿದ್ದಾರೆ. ಒತ್ತಡ ಇರಲಿಲ್ಲ, ಒತ್ತಾಯವೂ ಇರಲಿಲ್ಲ. ಕೊನೆಯ ನಳಕ್ಕೆ ನೀರು ಬರುತ್ತಿರಲಿಲ್ಲ, ಗೊತ್ತಿದ್ದೇ ಬರುತ್ತದೆ ಎಂದು ಸಹಿ ಮಾಡಿದೆ, ಫಕೀರಪ್ಪನ ಮೇಲಿನ ದೂರು ನನ್ನ ಕೈಬರಹ— ಇಷ್ಟು ಬರೆದು ಕಳಿಸಿದ್ದೇನೆ. ಏನು ಕ್ರಮ ಬರುತ್ತದೋ ಬರಲಿ, ತಕರಾರು ಮಾಡುವುದಿಲ್ಲ.

ನಾಳೆ ಆ ಊರಿಗೆ ಹೋಗಬೇಕು. ಹುಸೇನಬಿ ಕರೆಸಿದ್ದಾಳೆ. ಫಕೀರಪ್ಪನ ಮೇಲೆ ತಾನು ಕೊಟ್ಟ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುವ ಅರ್ಜಿ ಆಗಬೇಕಂತೆ, ಅದನ್ನು ಬೇರೆ ಯಾರೂ ಬರೆಯಕೂಡದಂತೆ, ನಾನೇ ಬರೆಯಬೇಕಂತೆ. ರಿಹಾನಾಳ ಫೋನು ಕಸಿದುಕೊಂಡು ಅವಳು ಹೇಳಿದ್ದು ಇಷ್ಟೇ:

"ಶಾಯಿ ಡಬ್ಬಿ ಮನ್ಯಾಗ ಐತಿ. ಈ ಸಲ ಬರದದ್ದು ಪೂರಾ ಓದಿ ಹೇಳಬೇಕು ನೋಡು. ಫಕೀರಪ್ಪನೂ ಕುಂತಿರ್ತಾನ. ಅಂವ ಹೂಂ ಅಂದ ಮ್ಯಾಲೆನ ಒತ್ತತೇನಿ."

ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇನೆ. ಕಾಗದ, ಪೆನ್ನು ಚೀಲದಲ್ಲಿಟ್ಟುಕೊಂಡಿದ್ದೇನೆ.